ಪರದೇಶದ ಓದು, ಮಲೆನಾಡಿನ ಋಣ

‘ಪರದೇಶ’ ಎಂದರೆ ಬೇರೆ ದೇಶ ಎಂದಷ್ಟೇ ಅರ್ಥ. ಆದರೆ ಅದರಿಂದಲೇ ಹುಟ್ಟಿದ ‘ಪರದೇಶಿ’ ಎಂಬ ಪದವನ್ನು ನಮ್ಮ ಹಿರಿಯರು ದಿಕ್ಕಿಲ್ಲದವನು, ಕೇಳುವವರಿಲ್ಲದವನು ಎಂಬ ಅರ್ಥದಲ್ಲಿ ಬಳಸುತ್ತ ಬಂದರು. ಊರು ಬಿಟ್ಟು ಹೋದವನಿಗೆ ನೆಂಟರಿಲ್ಲ, ನೆರೆಯವರಿಲ್ಲ, ಕಾಯಿಲೆ ಬಿದ್ದರೆ ಗಂಜಿ ಕಾಯಿಸಿ ಕೊಡುವವರಿಲ್ಲ ಎಂಬ ಕನಿಕರ ಆ ಒಂದು ಪದದಲ್ಲಿ ಅಡಗಿದೆ. ಇಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಎಷ್ಟೋ ಮನೆಗಳಲ್ಲಿ ‘ಮಗ ಫಾರಿನ್ನಿನಲ್ಲಿ ಓದುತ್ತಿದ್ದಾನೆ’, ‘ಮಗಳಿಗೆ ಹೊರದೇಶದಲ್ಲಿ ಸೀಟು ಸಿಕ್ಕಿತು’ ಎಂಬ ಮಾತು ಹೆಮ್ಮೆಯಿಂದ ಕೇಳಿಬರುತ್ತದೆ. ಆದರೂ ರಾತ್ರಿ ಪ್ರಾರ್ಥನೆಯ ಹೊತ್ತಿನಲ್ಲಿ ತಾಯಿಯ ಮನಸ್ಸಿಗೆ ಬರುವುದು ಆ ಹಳೆಯ ಅರ್ಥವೇ. ಹೆಮ್ಮೆ ಮತ್ತು ಆತಂಕ ಒಂದೇ ಹೃದಯದಲ್ಲಿ ಒಟ್ಟಿಗೆ ವಾಸಮಾಡುತ್ತವೆ.

ಮಕ್ಕಳು ಹೋಗಬೇಕೇ, ಬೇಡವೇ ಎಂಬ ಚರ್ಚೆಗೆ ಕೊನೆಯಿಲ್ಲ. ಆ ಚರ್ಚೆಯನ್ನು ಬದಿಗಿಟ್ಟು ಚರಿತ್ರೆಯನ್ನು ಒಂದು ಪ್ರಶ್ನೆ ಕೇಳೋಣ. ನಮ್ಮ ನಾಡಿಗೆ ಸಂಬಂಧಪಟ್ಟವರು ದೂರದೇಶಕ್ಕೆ ಓದಲು ಹೋದಾಗ ಏನನ್ನು ಕಳೆದುಕೊಂಡರು, ಏನನ್ನು ಗಳಿಸಿದರು? ಅವರ ಓದಿನಿಂದ ಈ ಮಣ್ಣಿಗೆ ಏನು ಬಂತು? ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಅಡಿಕೆ ತೋಟ, ಕಾಫಿ ತೋಟ ಮತ್ತು ಶೃಂಗೇರಿ ಸೀಮೆಯ ಒಂದು ಚಿಕ್ಕ ಹಳ್ಳಿ ಇದಕ್ಕೆ ಸಾಕ್ಷಿ ಹೇಳುತ್ತವೆ.

ಕಡಲು ದಾಟುವ ಮೊದಲು

ವಿದ್ಯೆಗಾಗಿ ಮನೆ ಬಿಡುವುದು ಈ ಸೀಮೆಗೆ ಹೊಸದಲ್ಲ. ತುಂಗೆಯ ದಡದ ಶೃಂಗೇರಿ ಶತಮಾನಗಳಿಂದ ದೂರದೂರುಗಳ ವಿದ್ಯಾರ್ಥಿಗಳನ್ನು ಬರಮಾಡಿಕೊಂಡ ಊರು. ವೇದ, ತರ್ಕ, ವೇದಾಂತಗಳನ್ನು ಕಲಿಯಲು ಬೇರೆ ಭಾಷೆಯ ಹುಡುಗರು ಇಲ್ಲಿಗೆ ಬಂದು ವರ್ಷಗಟ್ಟಲೆ ನೆಲೆಸುತ್ತಿದ್ದರು. ಇಂದಿಗೂ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣವೊಂದು ಅಲ್ಲಿದ್ದು, ಹೊರರಾಜ್ಯಗಳ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದಾರೆ. ಮಲೆನಾಡಿನಿಂದ ಕಾಶಿಗೆ ಹೋಗಿ ಓದಿ ಬರುವುದೂ ಹಿಂದೆ ದೊಡ್ಡ ಗೌರವವಾಗಿತ್ತು. ರೈಲು ಬರುವ ಮುನ್ನ ಕಾಶಿಯೆಂದರೆ ತಿಂಗಳುಗಟ್ಟಲೆ ನಡೆಯಬೇಕಾದ ದೂರ. ನಮ್ಮವರ ಪಾಲಿಗೆ ಅದೂ ಒಂದು ಬಗೆಯ ಪರದೇಶವೇ.

ಆದರೆ ಕಡಲು ದಾಟುವುದು ಬೇರೆಯೇ ಮಾತಾಗಿತ್ತು. ಸಮುದ್ರಯಾನ ಮಾಡಿದವನು ಜಾತಿಯಿಂದ ಹೊರಗೆ ಎಂಬ ಕಟ್ಟಳೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಿಗಿಯಾಗಿತ್ತು. 1888ರಲ್ಲಿ ಗಾಂಧೀಜಿಯವರು ಬ್ಯಾರಿಸ್ಟರ್ ಓದಿಗೆಂದು ಇಂಗ್ಲೆಂಡಿಗೆ ಹೊರಟಾಗ ಅವರ ಜಾತಿಯ ಮುಖಂಡರು ಮುಂಬಯಿಯಲ್ಲಿ ಸಭೆ ಸೇರಿ ಅವರನ್ನು ಬಹಿಷ್ಕರಿಸಿದ ಸಂಗತಿ ತಮಗೆಲ್ಲ ತಿಳಿದೇ ಇದೆ. ಹೋದವನು ಹಿಂದಿರುಗಿದರೂ ಮನೆಯ ಪಂಕ್ತಿಯಲ್ಲಿ ಕೂರಲು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಗಿತ್ತು. ಅಂದಿನ ವಿದ್ಯಾರ್ಥಿ ವಿದ್ಯೆಗಾಗಿ ತೆರುತ್ತಿದ್ದ ಬೆಲೆಯಲ್ಲಿ ಹಣಕ್ಕಿಂತ ದೊಡ್ಡ ಪಾಲು ಮನೆಯದಾಗಿತ್ತು.

ಬಾಸೆಲಿಗೆ ಹೋದ ಮಂಗಳೂರಿನ ಯುವಕ

ಆ ಬೆಲೆಯನ್ನು ಪೂರ್ತಿಯಾಗಿ ತೆತ್ತವರಲ್ಲಿ ಹರ್ಮನ್ ಆನಂದರಾವ್ ಕೌಂಡಿನ್ಯರು ಮೊದಲಿಗರ ಸಾಲಿನವರು. 1825ರಲ್ಲಿ ಹುಟ್ಟಿದ, ಮಂಗಳೂರಿನ ಸಾರಸ್ವತ ಮನೆತನದ ಈ ಯುವಕ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರ ಶಿಷ್ಯರಾಗಿ 1844ರಲ್ಲಿ ದೀಕ್ಷಾಸ್ನಾನ ಪಡೆದರು. ಗುರುವಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇರಿಸಿಕೊಂಡರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದವರು ಇದೇ ಮೋಗ್ಲಿಂಗರು. 1846ರಲ್ಲಿ ಗುರು ತಾಯ್ನಾಡಿಗೆ ಹೊರಟಾಗ ಶಿಷ್ಯರೂ ಜೊತೆಗೆ ಹೋದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಸೆಮಿನರಿಯಲ್ಲಿ ಸುಮಾರು ಐದು ವರ್ಷ ದೈವಶಾಸ್ತ್ರವನ್ನು ಅಭ್ಯಾಸ ಮಾಡಿ, ಸೇವಾದೀಕ್ಷೆ ಪಡೆದು, 1851ರಲ್ಲಿ ಊರಿಗೆ ಮರಳಿದರು.

ತಮ್ಮ ಮಗನೋ ಮಗಳೋ ವಿಡಿಯೊ ಕರೆಯಲ್ಲಿ ಮುಖ ತೋರಿಸುವ ಈ ಕಾಲದಲ್ಲಿ ಕುಳಿತು ಆ ಐದು ವರ್ಷಗಳನ್ನು ತಾವು ಒಮ್ಮೆ ಊಹಿಸಿಕೊಳ್ಳಬೇಕು. ಸೂಯೆಜ್ ಕಾಲುವೆ ಇನ್ನೂ ತೋಡಿರಲಿಲ್ಲ. ಕಾಗದವೊಂದು ಹೋಗಿ ಉತ್ತರ ಬರಲು ತಿಂಗಳುಗಳೇ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಕಾಗದ ಬರೆಯೋಣವೆಂದರೆ ಹುಟ್ಟಿದ ಮನೆಯ ಬಾಗಿಲೇ ಅವರಿಗೆ ಮುಚ್ಚಿಹೋಗಿತ್ತು. ಅವರು ಯೂರೋಪಿನಲ್ಲಿ ಉಳಿದುಬಿಡಬಹುದಿತ್ತು. ಆದರೆ ಹಿಂದಿರುಗಿ ಬಂದರು. ಮಂಗಳೂರಿನ ಸೆಮಿನರಿಯಲ್ಲಿ ಅಧ್ಯಾಪಕರಾಗಿ ಈ ನಾಡಿನ ಬೋಧಕರನ್ನು ತಯಾರುಮಾಡಿದರು, ಕೊಡಗಿನಲ್ಲಿಯೂ ಸೇವೆ ಸಲ್ಲಿಸಿದರು. 1893ರಲ್ಲಿ ತೀರಿಕೊಂಡರು. ಕೈಬಿಟ್ಟ ನೆಲಕ್ಕೇ ಮರಳಿ ಬಂದು ದುಡಿದ ಈ ವಿದ್ಯಾರ್ಥಿಯ ಬದುಕು ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತದೆ: ಊರು ನಮ್ಮನ್ನು ಹೇಗೆ ನಡೆಸಿಕೊಂಡಿತು ಎಂಬುದು ಬೇರೆ, ಊರಿಗೆ ನಾವು ಏನಾಗಬೇಕು ಎಂಬುದು ಬೇರೆ.

ಕೊಳೆರೋಗಕ್ಕೆ ದೊರೆತ ಉತ್ತರ

ಈಗ ನಮ್ಮ ತೋಟಗಳಿಗೆ ಬರೋಣ. ಮುಂಗಾರಿನ ಮಳೆ ಹಿಡಿದು ಹೊಡೆಯಲು ಆರಂಭಿಸಿದರೆ ಅಡಿಕೆ ಬೆಳೆಗಾರನಿಗೆ ಕೊಳೆರೋಗದ ಭಯ. ಗೊನೆಯಲ್ಲಿನ ಎಳೆಯ ಕಾಯಿಗಳು ಕೊಳೆತು, ಬುಡದ ತುಂಬ ಉದುರಿ ಬೀಳುತ್ತವೆ. ವರ್ಷದ ಅನ್ನವೇ ಕಣ್ಣೆದುರು ಮಣ್ಣುಪಾಲಾಗುತ್ತದೆ. ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡಿದ್ದ ಉಪಾಯ ‘ಕೊಟ್ಟೆ ಕಟ್ಟುವುದು’. ಅಡಿಕೆ ಹಾಳೆಯ ಕೊಟ್ಟೆಯನ್ನು ಒಂದೊಂದು ಗೊನೆಯ ಮೇಲೂ ಮಳೆನೀರು ಸೋಕದಂತೆ ಕಟ್ಟುತ್ತಿದ್ದರು. ಉಪಾಯ ಒಳ್ಳೆಯದೇ, ಆದರೆ ಜಾರುವ ಮರಗಳನ್ನು ಹತ್ತಿ ಒಂದೊಂದಕ್ಕೂ ಕಟ್ಟಲು ಬೇಕಾಗುತ್ತಿದ್ದ ಶ್ರಮ ಅಷ್ಟಿಷ್ಟಲ್ಲ. ಆ ಕೆಲಸದಲ್ಲಿ ಮರದಿಂದ ಬಿದ್ದವರೂ ಇದ್ದರು.

1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಒಬ್ಬ ತರುಣ ವಿಜ್ಞಾನಿ ಬಂದರು. ಅವರ ಹೆಸರು ಲೆಸ್ಲಿ ಕೋಲ್ಮನ್. ಹುಟ್ಟಿದ್ದು ಕೆನಡಾದ ಒಂಟಾರಿಯೊದಲ್ಲಿ, ಓದಿದ್ದು ಟೊರಾಂಟೊದಲ್ಲಿ. ಅನಂತರ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋಗಿ ಡಾಕ್ಟರೇಟ್ ಪಡೆದರು. ಅಂದರೆ ಅವರೂ ಪರದೇಶದಲ್ಲಿ, ಪರಭಾಷೆಯಲ್ಲಿ ಓದಿದ ವಿದ್ಯಾರ್ಥಿಯೇ. ಮಲೆನಾಡಿನ ಅಡಿಕೆ ತೋಟಗಳ ಕೊಳೆರೋಗವನ್ನು ಅವರು ಅಭ್ಯಾಸಕ್ಕೆ ತೆಗೆದುಕೊಂಡರು. ಇದು ದೃಷ್ಟಿಯೂ ಅಲ್ಲ, ಶಾಪವೂ ಅಲ್ಲ, ಮಳೆನೀರಿನ ಮೂಲಕ ಹರಡುವ ಫೈಟಾಫ್ಥೊರ ಎಂಬ ಬೂಷ್ಟಿನಂಥ ಸೂಕ್ಷ್ಮಜೀವಿಯ ಕೆಲಸ ಎಂದು ಗುರುತಿಸಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅದಕ್ಕೆ ಮದ್ದಾಗಿ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು.

ಈ ಬೋರ್ಡೋ ದ್ರಾವಣದ್ದೇ ಒಂದು ಸ್ವಾರಸ್ಯಕರ ಕಥೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ನೀಲಿ ನೀರನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗುಲದಿದ್ದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿದರು. 1885ರಲ್ಲಿ ಅದು ಔಷಧವಾಗಿ ಲೋಕಕ್ಕೆ ತಿಳಿಯಿತು. ಫ್ರಾನ್ಸಿನ ರೈತನ ಕೈಯಿಂದ ಹೊರಟ ಅರಿವು ಕಾಲು ಶತಮಾನ ಕಳೆಯುವುದರೊಳಗೆ, ಜರ್ಮನಿಯಲ್ಲಿ ಓದಿದ ಕೆನಡಾದ ವಿದ್ಯಾರ್ಥಿಯೊಬ್ಬನ ಮೂಲಕ, ಮಲೆನಾಡಿನ ಅಡಿಕೆ ಮರದ ತುದಿಯನ್ನು ತಲುಪಿತು. ಇಂದಿಗೂ ಮಳೆಗಾಲದ ಆರಂಭದಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಲೆಕ್ಕ ಹಾಕಿ ಔಷಧಿ ಹೊಡೆಸುವಾಗ ನಾವು ಆ ಉದ್ದನೆಯ ಪ್ರಯಾಣದ ಫಲವನ್ನೇ ಉಣ್ಣುತ್ತಿದ್ದೇವೆ.

ಕೋಲ್ಮನ್ನರ ಋಣ ಇಷ್ಟಕ್ಕೇ ಮುಗಿಯುವುದಿಲ್ಲ. ಕಾಫಿಯನ್ನು ಕೀಟಗಳೂ ಎಲೆಯ ರೋಗವೂ ಹಾಳುಮಾಡುತ್ತಿದ್ದ ಕಾಲದಲ್ಲಿ, 1915ರಲ್ಲಿ, ಮೈಸೂರು ಸರ್ಕಾರ ಕೊಪ್ಪದಲ್ಲಿ ತಾತ್ಕಾಲಿಕವಾಗಿ ಒಂದು ಸಂಶೋಧನಾ ಘಟಕವನ್ನು ತೆರೆಯಿತು. ಯೆಡೆಹಳ್ಳಿಗೆ ಯುವರಾಜರ ಹೆಸರಿಟ್ಟು ನರಸಿಂಹರಾಜಪುರ ಎಂದು ಕರೆದದ್ದೂ ಅದೇ 1915ರಲ್ಲಿ. ಹತ್ತು ವರ್ಷಗಳ ಅನಂತರ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಆಗ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದವರು ಕೋಲ್ಮನ್. ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಎಂದು ಹೆಸರಾಗಿರುವ ಆ ಕೇಂದ್ರ ನೂರು ವರ್ಷಗಳನ್ನು ಪೂರೈಸಿದೆ. ನಮ್ಮ ಬೆಳೆಗಾರರು ಬಹುಕಾಲ ನಂಬಿ ನೆಟ್ಟ ‘ಎಸ್. 795’ ಎಂಬ ಅರೇಬಿಕಾ ತಳಿ 1940ರ ದಶಕದಲ್ಲಿ ಬಂದದ್ದು ಅಲ್ಲಿಂದಲೇ. 1934ರವರೆಗೆ ಮೈಸೂರಿನ ಸೇವೆಯಲ್ಲಿದ್ದು ಕೋಲ್ಮನ್ನರು ತಮ್ಮ ದೇಶಕ್ಕೆ ಮರಳಿದರು.

ಇಲ್ಲಿ ಯೋಚಿಸಬೇಕಾದ ಅಂಶವೊಂದಿದೆ. ಗಾಟಿಂಗೆನ್ನಿನ ತರಗತಿಯಲ್ಲಿ ಯಾರೂ ಅಡಿಕೆಯ ಕೊಳೆರೋಗವನ್ನು ಪಾಠ ಮಾಡಿರಲಿಲ್ಲ. ಅವರು ಅಲ್ಲಿ ಕಲಿತದ್ದು ನೋಡುವ ಕ್ರಮವನ್ನು. ಪ್ರಶ್ನೆ ಅವರಿಗೆ ದೊರೆತದ್ದು ನಮ್ಮ ತೋಟದಲ್ಲಿ. ಕಲಿತ ಕ್ರಮವೂ ನೆಲದ ಪ್ರಶ್ನೆಯೂ ಒಂದಾದಾಗ ಮಾತ್ರ ಆ ವಿದ್ಯೆ ಫಲ ಕೊಟ್ಟಿತು.

ಹಿರೇಕೊಡಿಗೆಯ ಮಗುವಿಗೆ ಬಂದ ಬುದ್ಧಿಮಾತು

ಎಲ್ಲರೂ ಹೋಗಲೇಬೇಕೆಂದೇನೂ ಇಲ್ಲ. ಲೋಕವೇ ಕೆಲವರ ಬಳಿಗೆ ಬರುತ್ತದೆ. ಕುವೆಂಪು ಅವರ ಮನೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಾದರೂ ಅವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಮುಂದೆ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ ಓದುತ್ತ ಇಂಗ್ಲಿಷಿನಲ್ಲಿ ಕವಿತೆ ಬರೆದರು. 1922ರಲ್ಲಿ ಇಂಗ್ಲಿಷ್ ಕವನಗಳ ಕಿರುಪುಸ್ತಕವೂ ಅಚ್ಚಾಯಿತು. ಮೈಸೂರಿಗೆ ಬಂದಿದ್ದ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಅವುಗಳನ್ನು ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಏಕೆ ಬರೆಯಬಾರದು ಎಂಬ ಅರ್ಥದ ಮಾತು ಬಂತು. ಹುಡುಗನಿಗೆ ಅಂದು ನಿರಾಸೆಯಾಯಿತು. ಆದರೆ ಕನ್ನಡಕ್ಕೆ ದೊರೆತದ್ದು ಒಬ್ಬ ಮಹಾಕವಿ. ಪರದೇಶದವನೊಬ್ಬ ನಮ್ಮ ಮಲೆನಾಡಿನ ಹುಡುಗನನ್ನು ಅವನ ಮನೆಯ ಭಾಷೆಗೆ ಕಳುಹಿಸಿಕೊಟ್ಟ ಈ ಪ್ರಸಂಗವನ್ನು ನಮ್ಮ ಮಕ್ಕಳಿಗೆ ಹೇಳಬೇಕು. ನಿಜವಾದ ಗುರು ತನ್ನ ನಕಲನ್ನು ತಯಾರಿಸುವುದಿಲ್ಲ.

ವೈಕುಂಠಪುರದಲ್ಲಿ ಸೇರಿದವರು

ಇನ್ನು ಈ ಲೇಖನದ ಮುಖ್ಯ ಪ್ರಸಂಗಕ್ಕೆ ಬರುತ್ತೇನೆ. ಶೃಂಗೇರಿಯ ಸಮೀಪ ವೈಕುಂಠಪುರ ಎಂಬ ಹಳ್ಳಿಯಿದೆ. ‘ಸಂಸ್ಕಾರ’ ಚಲನಚಿತ್ರದ ಬಹುಭಾಗ ಚಿತ್ರೀಕರಣಗೊಂಡದ್ದು ಅಲ್ಲಿ. 1970ರ ಈ ಚಿತ್ರವನ್ನು ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿಯಿತು. ಬಿಡುಗಡೆಯಾದ ಮೇಲೆ ಅದು ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಇದು ಹೆಚ್ಚಿನವರಿಗೆ ಗೊತ್ತಿರುವ ಸಂಗತಿ. ಆ ಚಿತ್ರದ ಹಿಂದೆ ಪರದೇಶದಲ್ಲಿ ಓದಿ ಬಂದವರೇ ಹಲವರಿದ್ದರು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ.

ಕಾದಂಬರಿಯನ್ನು ಬರೆದ ಯು.ಆರ್. ಅನಂತಮೂರ್ತಿಯವರು ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು. ಸಂಸ್ಕೃತ ಪಾಠಶಾಲೆಯಿಂದ ಅವರ ಓದು ಆರಂಭವಾಯಿತು. ತೀರ್ಥಹಳ್ಳಿ, ಮೈಸೂರುಗಳಲ್ಲಿ ಓದಿ, ಅಧ್ಯಾಪಕರಾಗಿ, ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಹೋದರು. 1930ರ ದಶಕದ ರಾಜಕೀಯ ಮತ್ತು ಕಥಾಸಾಹಿತ್ಯವನ್ನು ಕುರಿತ ಸಂಶೋಧನೆಗೆ 1966ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿರುವಾಗ ಒಂದು ಸಂಜೆ, ಅಧ್ಯಾಪಕರೂ ಕಾದಂಬರಿಕಾರರೂ ಆಗಿದ್ದ ಮಾಲ್ಕಂ ಬ್ರಾಡ್‌ಬರಿಯವರೊಂದಿಗೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ನರ ‘ಸೆವೆಂತ್ ಸೀಲ್’ ಚಿತ್ರವನ್ನು ನೋಡಿದರು. ಪ್ಲೇಗಿನ ಕಾಲದ ಯೂರೋಪನ್ನೂ ಸಾವನ್ನೂ ದೇವರನ್ನು ಹುಡುಕುವ ಒಬ್ಬ ಯೋಧನನ್ನೂ ಚಿತ್ರಿಸುವ ಸಿನಿಮಾ ಅದು. ಚಿತ್ರದ ಅಡಿಯಲ್ಲಿ ಇಂಗ್ಲಿಷ್ ಅಕ್ಷರಗಳೂ ಇರಲಿಲ್ಲವೆಂದು ಅವರೇ ಹೇಳಿದ್ದಾರೆ. ಯೂರೋಪಿನವನು ಮಧ್ಯಯುಗವನ್ನು ಪುಸ್ತಕಗಳಿಂದ ಕಟ್ಟಿಕೊಳ್ಳಬೇಕು, ಭಾರತೀಯನಿಗಾದರೋ ಹಲವು ಶತಮಾನಗಳು ಒಟ್ಟಿಗೇ ಜೀವಂತವಾಗಿವೆ ಎಂಬ ಮಾತು ಅಂದು ಅವರ ನಡುವೆ ಬಂತು. ಆ ಸಂಜೆಯ ಪ್ರೇರಣೆಯಿಂದಲೇ ‘ಸಂಸ್ಕಾರ’ ಹುಟ್ಟಿತು, 1965ರಲ್ಲಿ ಪ್ರಕಟವಾಯಿತು.

ಬರ್ಮಿಂಗ್‌ಹ್ಯಾಮಿನ ಚಳಿಯಲ್ಲಿ ಕುಳಿತು ಅವರು ಬರೆದದ್ದು ಇಂಗ್ಲೆಂಡನ್ನು ಕುರಿತಲ್ಲ. ಪ್ಲೇಗು ಬಡಿದ ಮಲೆನಾಡಿನ ಒಂದು ಅಗ್ರಹಾರವನ್ನು. ಹೆಣವೊಂದು ಸಂಸ್ಕಾರವಿಲ್ಲದೆ ಬಿದ್ದಿದೆ. ಯಾರು ಸಂಸ್ಕಾರ ಮಾಡಬೇಕು ಎಂಬುದಕ್ಕೆ ಉತ್ತರವಿಲ್ಲ. ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು ಗ್ರಂಥಗಳನ್ನೆಲ್ಲ ತಿರುವಿಹಾಕಿದರೂ ಉತ್ತರ ದೊರಕುವುದಿಲ್ಲ. ಗಮನಿಸಿ, ಕಥೆಯ ನಾಯಕನೂ ದೂರದಲ್ಲಿ ಓದಿ ಊರಿಗೆ ಮರಳಿದ ವಿದ್ಯಾರ್ಥಿಯೇ. ದೂರದಲ್ಲಿ ಕಲಿತದ್ದು ಊರಿನ ಸಂಕಟದ ಮುಂದೆ ಸಾಲದೇ ಹೋದಾಗ ಮನುಷ್ಯ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಒಬ್ಬ ಪರದೇಶದ ವಿದ್ಯಾರ್ಥಿ ಕೇಳಿಕೊಂಡದ್ದು ಆಕಸ್ಮಿಕವಲ್ಲ.

ಚಿತ್ರದಲ್ಲಿ ಪ್ರಾಣೇಶಾಚಾರ್ಯರಾಗಿ ಅಭಿನಯಿಸಿ, ಚಿತ್ರಕಥೆಯನ್ನೂ ಬರೆದವರು ಗಿರೀಶ ಕಾರ್ನಾಡರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು, 1960ರಿಂದ 1963ರವರೆಗೆ ಆಕ್ಸ್‌ಫರ್ಡಿನ ಮಾಗ್ಡಲೆನ್ ಕಾಲೇಜಿನಲ್ಲಿ ಓದಿದರು. ಅಲ್ಲಿನ ಹೆಸರಾಂತ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆದರು. ಅವರ ಹೊರಡುವ ಹೊತ್ತಿನ ಕಥೆ ಪ್ರತಿಯೊಬ್ಬ ತಂದೆತಾಯಿಗೂ ತಿಳಿದಿರಬೇಕು. ಮಗ ವಿಲಾಯಿತಿಗೆ ಹೋಗಿ ಅಲ್ಲಿಯೇ ಉಳಿದಾನೋ, ಅಲ್ಲಿಯ ಹುಡುಗಿಯನ್ನೇ ಮದುವೆಯಾದಾನೋ ಎಂಬ ಕಳವಳ ಮನೆಯಲ್ಲಿತ್ತು. ಆ ಒತ್ತಡದ ದಿನಗಳಲ್ಲಿ, ಇಂಗ್ಲಿಷ್ ಕವಿಯಾಗಬೇಕೆಂದು ಕನಸು ಕಂಡಿದ್ದ ಯುವಕನ ಲೇಖನಿಯಿಂದ ತನಗೇ ಅಚ್ಚರಿಯಾಗುವಂತೆ ಕನ್ನಡ ನಾಟಕವೊಂದು ಹೊರಬಂತು. ಅದೇ ‘ಯಯಾತಿ’. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ಮಹಾಭಾರತದ ಆ ಕಥೆ ತಮಗೆ ಗೊತ್ತು: ತಂದೆ ತನ್ನ ಮುಪ್ಪನ್ನು ಮಗನಿಗೆ ಕೊಟ್ಟು ಮಗನ ಯೌವನವನ್ನು ಕೇಳಿ ಪಡೆಯುತ್ತಾನೆ. ವಿದೇಶಕ್ಕೆ ಹೊರಟ ಮಗನಿಗೆ ಆ ಹೊತ್ತಿನಲ್ಲಿ ಬೇರೆ ಯಾವ ಕಥೆಯೂ ನೆನಪಾಗದೆ ಇದೊಂದೇ ನೆನಪಾದದ್ದು ಏಕೆ ಎಂದು ನಾವು ಕೇಳಿಕೊಳ್ಳಬೇಕು.

ಚಿತ್ರದ ನಿರ್ದೇಶಕರಾದ ಪಟ್ಟಾಭಿರಾಮ ರೆಡ್ಡಿಯವರು ತೆಲುಗಿನ ಕವಿ. ಅವರೂ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಿದ್ದವರು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷಿಗೆ ತಂದ ಎ.ಕೆ. ರಾಮಾನುಜನ್ ಮೈಸೂರಿನಲ್ಲಿ ಓದಿ, ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನವನ್ನು ಅಭ್ಯಾಸ ಮಾಡಿ, ಶಿಕಾಗೊದಲ್ಲಿ ಪ್ರಾಧ್ಯಾಪಕರಾದವರು. ಅವರು ಮರಳಿ ಬಂದು ನೆಲೆಸಲಿಲ್ಲ. ಆದರೆ ಕನ್ನಡದ ವಚನಗಳನ್ನೂ ಈ ಕಾದಂಬರಿಯನ್ನೂ ಲೋಕಕ್ಕೆ ತಲುಪಿಸಿದರು. ಬರ್ಮಿಂಗ್‌ಹ್ಯಾಮ್, ಆಕ್ಸ್‌ಫರ್ಡ್, ನ್ಯೂಯಾರ್ಕ್ ಎಲ್ಲವೂ ಶೃಂಗೇರಿ ಸೀಮೆಯ ಒಂದು ಹಳ್ಳಿಯಲ್ಲಿ ಬಂದು ಸೇರಿದವು. ಅಲ್ಲಿ ಅವರು ಕಟ್ಟಿದ್ದು ನಮ್ಮ ನೆಲವನ್ನೇ ಪ್ರಶ್ನಿಸುವ, ಆದರೆ ನಮ್ಮ ನೆಲದಿಂದಲೇ ಹುಟ್ಟಿದ ಒಂದು ಕೃತಿಯನ್ನು. ಅದನ್ನು ಒಪ್ಪದವರೂ ಇದ್ದರು, ಇಂದಿಗೂ ಇದ್ದಾರೆ. ಆದರೆ ದೂರ ಹೋದವರು ಊರನ್ನು ಮರೆತರು ಎಂದು ಮಾತ್ರ ಯಾರೂ ಹೇಳುವಂತಿಲ್ಲ.

ವಿದ್ಯಾರ್ಥಿವೇತನದಿಂದ ಸಾಲದವರೆಗೆ

ಈ ಚರಿತ್ರೆಯನ್ನು ಓದಿ ನಮ್ಮ ಮಕ್ಕಳನ್ನು ಹಾಗೆಯೇ ಅಳೆಯಲು ಹೊರಟರೆ ಅದು ಅನ್ಯಾಯವಾದೀತು. ಒಂದು ದೊಡ್ಡ ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕು. ಕೌಂಡಿನ್ಯರನ್ನು ಮಿಷನ್ ಓದಿಸಿತು. ಅನಂತಮೂರ್ತಿ, ಕಾರ್ನಾಡರು ವಿದ್ಯಾರ್ಥಿವೇತನದ ಮೇಲೆ ಹೋದರು. ಅವರ ತಲೆಯ ಮೇಲೆ ಓದಿನ ಸಾಲವಿರಲಿಲ್ಲ. ಆದ್ದರಿಂದ ಕಾದಂಬರಿ, ನಾಟಕ ಬರೆಯುವಷ್ಟು ಬಿಡುವಿದ್ದ ಮನಸ್ಸು ಅವರಿಗಿತ್ತು. ಇಂದು ಹೊರದೇಶಕ್ಕೆ ಓದಲು ಹೋಗುವವರಲ್ಲಿ ಬಹುಮಂದಿ ಬ್ಯಾಂಕಿನ ಸಾಲದ ಮೇಲೆ ಹೋಗುತ್ತಾರೆ. ಸಾಲದ ಮೊತ್ತ ದೊಡ್ಡದಾದರೆ ಬ್ಯಾಂಕು ಆಧಾರ ಕೇಳುತ್ತದೆ. ಮಲೆನಾಡಿನಲ್ಲಿ ಆಧಾರವೆಂದರೆ ತೋಟದ ಪಹಣಿ ಅಥವಾ ಮನೆ. ಮಗ ವಿಮಾನ ಹತ್ತುವ ದಿನ ತಂದೆಯ ತೋಟ ಬ್ಯಾಂಕಿನ ಕಾಗದವನ್ನು ಹತ್ತಿರುತ್ತದೆ. ಅಲ್ಲಿ ಹೋದ ಮಗು ಹಗಲು ತರಗತಿಯಲ್ಲಿ, ರಾತ್ರಿ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿಯುತ್ತದೆ. ಓದು ಮುಗಿದರೂ ಸಾಲ ತೀರುವವರೆಗೆ ಮರಳುವ ಮಾತೆತ್ತುವಂತಿಲ್ಲ.

ಯಯಾತಿಯ ಕಥೆ ಇಲ್ಲಿ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ನೆರೆಮನೆಯವರ ಮಗ ಹೋದನೆಂದು ನಮ್ಮ ಮಗನನ್ನೂ ಕಳುಹಿಸಿ, ಅವನ ಯೌವನದ ಹತ್ತು ವರ್ಷಗಳನ್ನು ನಮ್ಮ ಪ್ರತಿಷ್ಠೆಗಾಗಿ ಕಂತಿನಲ್ಲಿ ಪಡೆಯುತ್ತಿದ್ದೇವೆಯೇ? ಹೋಗುವ ಆಸೆ ಯಾರದು, ಮಗುವಿನದೋ ನಮ್ಮದೋ? ಹೊರಡುವ ಮೊದಲು ಮನೆಯವರೆಲ್ಲ ಕುಳಿತು ಪ್ರಾಮಾಣಿಕವಾಗಿ ಈ ಪ್ರಶ್ನೆಗೆ ಉತ್ತರಿಸಿಕೊಂಡರೆ ಎಷ್ಟೋ ಕಣ್ಣೀರು ತಪ್ಪುತ್ತದೆ. ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ಕಾಡು ಮೇಡಿನಲ್ಲಿ ಬದುಕು ಕಟ್ಟಿದ ಕುಟುಂಬಗಳ ಹಿರಿಯರಿಗೆ ಊರು ಬಿಡುವುದರ ನೋವು ಏನೆಂದು ಚೆನ್ನಾಗಿ ಗೊತ್ತು. ಅವರು ಬಂದದ್ದು ಹೊಟ್ಟೆಪಾಡಿಗಾಗಿ. ಮೊಮ್ಮಕ್ಕಳು ಹೋಗುತ್ತಿರುವುದು ವಿದ್ಯೆಗಾಗಿ. ಎರಡರಲ್ಲಿಯೂ ಮಣ್ಣನ್ನು ಬಿಡುವ ಕೈ ಒಂದೇ ರೀತಿ ನಡುಗುತ್ತದೆ.

ಇನ್ನೊಂದು ಕಡೆ ನಮ್ಮ ತೋಟಗಳು ಹೊಸ ಪ್ರಶ್ನೆಯನ್ನು ಕೇಳುತ್ತಿವೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಹಳದಿ ಎಲೆ ರೋಗ ದಶಕಗಳಿಂದ ಅಡಿಕೆ ಮರಗಳನ್ನು ಸೊರಗಿಸುತ್ತಿದೆ. ಫೈಟೊಪ್ಲಾಸ್ಮ ಎಂಬ ಅತಿಸೂಕ್ಷ್ಮ ಜೀವಿಗೂ ಅದಕ್ಕೂ ನಂಟಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಪೂರ್ತಿಯಾಗಿ ಗುಣಪಡಿಸುವ ಮದ್ದು ಇನ್ನೂ ಕೈಗೆ ಬಂದಿಲ್ಲ. ಅದರ ಜೊತೆಗೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. 1910ರಲ್ಲಿ ಕೊಳೆರೋಗಕ್ಕೆ ಉತ್ತರ ತಂದವನು ಸಾವಿರಾರು ಮೈಲಿ ದೂರದ ಪರಕೀಯ. ಇಂದು ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಓದುವವರು ನಮ್ಮದೇ ತೋಟಗಳ ಮಕ್ಕಳು. ಅವರಲ್ಲಿ ಒಬ್ಬಳು, ಒಬ್ಬನು, ಅಜ್ಜನ ತೋಟದ ಹಳದಿ ಗರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಯೋಗಾಲಯಕ್ಕೆ ಹೋದರೆ? ಎಲ್ಲರೂ ಸಸ್ಯವಿಜ್ಞಾನ ಓದಬೇಕೆಂದು ನಾನು ಹೇಳುತ್ತಿಲ್ಲ. ನರ್ಸಿಂಗ್ ಓದಿದವರಿಗೂ ಕಂಪ್ಯೂಟರ್ ಓದಿದವರಿಗೂ ಕೇಳಲು ಈ ನೆಲದಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಒಂಟಿಯಾಗಿರುವ ವೃದ್ಧರ ಆರೈಕೆ, ಮಳೆಗಾಲದಲ್ಲಿ ಆಸ್ಪತ್ರೆ ತಲುಪಲಾಗದ ಹಳ್ಳಿ, ಮುಚ್ಚುತ್ತಿರುವ ಕನ್ನಡ ಶಾಲೆ, ಇವೆಲ್ಲ ನಮ್ಮ ಕಾಲದ ಕೊಳೆರೋಗಗಳೇ.

ದಾನಿಯೇಲನ ಮೂರು ವರ್ಷ

ಪವಿತ್ರ ಬೈಬಲಿನಲ್ಲಿಯೂ ಪರದೇಶದ ವಿದ್ಯಾರ್ಥಿಗಳಿದ್ದಾರೆ. ದಾನಿಯೇಲನ ಗ್ರಂಥದ ಮೊದಲ ಅಧ್ಯಾಯವನ್ನು ಈ ಕಣ್ಣಿನಿಂದ ಓದಿ ನೋಡಿ. ಯೆಹೂದ ನಾಡಿನ ಯುವಕರನ್ನು ಬಾಬಿಲೋನಿಗೆ ಒಯ್ದು, ಅಲ್ಲಿಯ ಭಾಷೆಯನ್ನೂ ಗ್ರಂಥಗಳನ್ನೂ ಕಲಿಸಲು ಅರಸ ಏರ್ಪಾಡು ಮಾಡುತ್ತಾನೆ. ಮೂರು ವರ್ಷಗಳ ಶಿಕ್ಷಣ. ನಮ್ಮ ಪದವಿಯ ಅವಧಿಯಷ್ಟೇ. ಅವರ ಹೆಸರುಗಳನ್ನೂ ಬದಲಿಸುತ್ತಾರೆ. ದಾನಿಯೇಲನು ಆ ವಿದ್ಯೆಯನ್ನು ತಿರಸ್ಕರಿಸಲಿಲ್ಲ, ಮನಸ್ಸಿಟ್ಟು ಕಲಿತು ಎಲ್ಲರಿಗಿಂತ ಮಿಗಿಲಾದನು. ಆದರೆ ಊಟದ ತಟ್ಟೆಯಲ್ಲಿ ಮತ್ತು ಪ್ರಾರ್ಥನೆಯ ಕಿಟಕಿಯಲ್ಲಿ ತನ್ನತನವನ್ನು ಉಳಿಸಿಕೊಂಡನು. ಆ ಕಿಟಕಿ ಜೆರುಸಲೇಮಿನ ಕಡೆಗೆ ತೆರೆದಿತ್ತು ಎಂದು ಅದೇ ಗ್ರಂಥದ ಆರನೆಯ ಅಧ್ಯಾಯ ತಿಳಿಸುತ್ತದೆ. ಅವನು ಊರಿಗೆ ಮರಳಿದನೋ ಇಲ್ಲವೋ ಎಂಬುದನ್ನು ಗ್ರಂಥ ಹೇಳುವುದಿಲ್ಲ. ಕಿಟಕಿ ಯಾವ ಕಡೆಗೆ ತೆರೆದಿತ್ತು ಎಂಬುದನ್ನು ಹೇಳುತ್ತದೆ.

ಆದ್ದರಿಂದ, ಪ್ರಿಯ ವಾಚಕರೇ, ಹೊರಡುವ ಮಕ್ಕಳ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಗಳ ಜೊತೆಗೆ ಊರಿನದೊಂದು ಪ್ರಶ್ನೆಯನ್ನೂ ಇಟ್ಟು ಕಳುಹಿಸಿ. ಹೋದಮೇಲೆ ‘ಎಷ್ಟು ಸಂಬಳ’ ಎಂದು ಕೇಳುವ ಮೊದಲು ‘ಏನು ಕಲಿತೆ, ಊಟ ಮಾಡಿದೆಯಾ, ಯಾರ ಜೊತೆ ಇದ್ದೀಯ’ ಎಂದು 물ವಾಗಿ ಕೇಳಿ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದಕ್ಕೊಂದು ಏರ್ಪಾಡಾಗಲಿ. ಈಗಾಗಲೇ ಹೋಗಿ ಬಂದವರು ಹೊರಡುವವರಿಗೆ ಸಾಲದ ಲೆಕ್ಕವನ್ನೂ ಅಲ್ಲಿಯ ಬದುಕಿನ ಕಷ್ಟವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಲಿ. ಓದು ನಡುವೆ ನಿಂತು ಬರಿಗೈಯಲ್ಲಿ ಮರಳಿದ ಮಗುವನ್ನು ಆಡಿಕೊಳ್ಳದೆ ಬರಮಾಡಿಕೊಳ್ಳುವ ದೊಡ್ಡ ಮನಸ್ಸು ನಮಗಿರಲಿ. ದೂರದೇಶದಿಂದ ಬಂದ ಕಿರಿಯ ಮಗನನ್ನು ತಂದೆ ಓಡಿಹೋಗಿ ಅಪ್ಪಿಕೊಂಡ ಕಥೆಯನ್ನು ನಾವು ವರ್ಷವರ್ಷವೂ ಪೀಠದಿಂದ ಕೇಳುತ್ತೇವಲ್ಲವೇ?

ಹೋದವರಲ್ಲಿ ಕೆಲವರು ಕೌಂಡಿನ್ಯರಂತೆ ಮರಳಿ ಬರುತ್ತಾರೆ. ಕೆಲವರು ರಾಮಾನುಜನ್ನರಂತೆ ಅಲ್ಲಿದ್ದುಕೊಂಡೇ ಇಲ್ಲಿಗೆ ದುಡಿಯುತ್ತಾರೆ. ಮನೆಯ ಬಾಗಿಲು ಇಲ್ಲಿ ತೆರೆದಿದ್ದು, ಅವರ ಕಿಟಕಿ ಅಲ್ಲಿ ಈ ಕಡೆಗೆ ತೆರೆದಿದ್ದರೆ, ಅವರಾರೂ ‘ಪರದೇಶಿ’ಗಳಾಗುವುದಿಲ್ಲ.